2025ರ ಫಿಲಡೆಲ್ಫಿಯಾ ವಾಯು ಆಂಬುಲೆನ್ಸ್ ಪತನ

ಫಿಲಡೆಲ್ಫಿಯಾ ವಾಯು ಆಂಬುಲೆನ್ಸ್ ಪತನವು 2025ರ ಜನವರಿ 31ರ ಶುಕ್ರವಾರ ಸಂಜೆ ಅಮೆರಿಕ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯಾ ರಾಜ್ಯದ ಫಿಲಡೆಲ್ಫಿಯಾ ನಗರದಲ್ಲಿ ಸಂಭವಿಸಿದ ವಿಮಾನ ಅಪಘಾತವಾಗಿದೆ. ಚಿಕಿತ್ಸೆ ಮುಗಿಸಿದ್ದ ಬಾಲಕಿಯೊಬ್ಬಳನ್ನು ಮೆಕ್ಸಿಕೋಗೆ ಹಿಂದಕ್ಕೆ ಕರೆದೊಯ್ಯುತ್ತಿದ್ದ ಲಿಯರ್‌ಜೆಟ್ 55 ಮಾದರಿಯ ವಿಮಾನವು ಮೇಲೇರಿದ ಸುಮಾರು ಒಂದು ನಿಮಿಷದೊಳಗೆ ಈಶಾನ್ಯ ಫಿಲಡೆಲ್ಫಿಯಾದ ಜನನಿಬಿಡ ಬಡಾವಣೆಯೊಂದರ ರಸ್ತೆಯ ಮೇಲೆ ಬಿದ್ದು ಸ್ಫೋಟಗೊಂಡಿತು. ವಿಮಾನದಲ್ಲಿದ್ದ 6 ಜನರೂ ಮೃತಪಟ್ಟರು. ನೆಲದ ಮೇಲಿದ್ದವರಲ್ಲಿ ಒಬ್ಬರು ಅಂದೇ, ಇನ್ನೊಬ್ಬರು ಏಪ್ರಿಲ್ ತಿಂಗಳಲ್ಲಿ ಕೊನೆಯುಸಿರೆಳೆದರು. ಹೀಗೆ ಮೃತರ ಒಟ್ಟು ಸಂಖ್ಯೆ 8ಕ್ಕೆ ಏರಿತು. ಇಪ್ಪತ್ತಕ್ಕೂ ಹೆಚ್ಚು ಜನ ಗಾಯಗೊಂಡರು.

ಅವಶೇಷಗಳ ನಡುವೆ ದೊರೆತ ಧ್ವನಿಮುದ್ರಕವು ಈ ಹಾರಾಟದ ಒಂದು ಮಾತನ್ನೂ ದಾಖಲಿಸಿರಲಿಲ್ಲ. ಅಷ್ಟೇ ಅಲ್ಲ, ಅದು ಪ್ರಾಯಶಃ ಹಲವು ವರ್ಷಗಳಿಂದ ಕೆಲಸ ಮಾಡುತ್ತಿರಲಿಲ್ಲವೆಂದು ತನಿಖೆಯಿಂದ ತಿಳಿದುಬಂದಿತು. ಈ ಕಾರಣದಿಂದ ಅಪಘಾತವು ವಿಮಾನ ಸುರಕ್ಷತೆಯ ಚರ್ಚೆಗಳಲ್ಲಿ ವಿಶೇಷವಾಗಿ ಉಲ್ಲೇಖಗೊಳ್ಳುತ್ತದೆ.

ಹಿನ್ನೆಲೆ: ವಾಯು ಆಂಬುಲೆನ್ಸ್ ಸೇವೆ

ರೋಗಿಯನ್ನು ಅಥವಾ ಗಾಯಾಳುವನ್ನು ವೈದ್ಯಕೀಯ ನಿಗಾದಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಲು ಬಳಸುವ ವಿಮಾನ ಅಥವಾ ಹೆಲಿಕಾಪ್ಟರಿಗೆ ವಾಯು ಆಂಬುಲೆನ್ಸ್ ಎಂದು ಹೆಸರು. ಈ ಸೇವೆಯ ವ್ಯವಸ್ಥಿತ ರೂಪಕ್ಕೆ ಆಸ್ಟ್ರೇಲಿಯಾದಲ್ಲಿ ಜಾನ್ ಫ್ಲಿನ್ ಅವರ ಪ್ರಯತ್ನದಿಂದ 1928ರಲ್ಲಿ ಕ್ವೀನ್ಸ್‌ಲ್ಯಾಂಡಿನ ಕ್ಲಾನ್‌ಕರಿ ಪಟ್ಟಣದಲ್ಲಿ ಆರಂಭವಾದ ಹಾರುವ ವೈದ್ಯರ ಸೇವೆಯು ಪ್ರಸಿದ್ಧ ಉದಾಹರಣೆಯಾಗಿದೆ. ರಸ್ತೆ, ಆಸ್ಪತ್ರೆಗಳಿಲ್ಲದ ವಿಶಾಲ ಒಳನಾಡಿನ ಜನರಿಗೆ ವೈದ್ಯರನ್ನು ತಲುಪಿಸುವುದು ಅದರ ಉದ್ದೇಶವಾಗಿತ್ತು.

ಇಂದು ಈ ಸೇವೆಯು ಎರಡು ಬಗೆಯಲ್ಲಿ ನಡೆಯುತ್ತದೆ. ಅಪಘಾತದ ಸ್ಥಳದಿಂದ ಹತ್ತಿರದ ಆಸ್ಪತ್ರೆಗೆ ಗಾಯಾಳುಗಳನ್ನು ಒಯ್ಯುವ ಕೆಲಸಕ್ಕೆ ಸಾಮಾನ್ಯವಾಗಿ ಹೆಲಿಕಾಪ್ಟರುಗಳನ್ನು ಬಳಸುತ್ತಾರೆ. ನೂರಾರು ಅಥವಾ ಸಾವಿರಾರು ಕಿಲೋಮೀಟರು ದೂರದ ಆಸ್ಪತ್ರೆಗೆ, ಅಥವಾ ಚಿಕಿತ್ಸೆಯ ನಂತರ ಸ್ವದೇಶಕ್ಕೆ ರೋಗಿಗಳನ್ನು ಸಾಗಿಸಲು ರೆಕ್ಕೆಯುಳ್ಳ ಸಣ್ಣ ವಿಮಾನಗಳು ಬೇಕಾಗುತ್ತವೆ. ಇಂತಹ ವಿಮಾನಗಳಲ್ಲಿ ಆಸನಗಳನ್ನು ತೆಗೆದು ಸ್ಟ್ರೆಚರ್, ಆಮ್ಲಜನಕದ ಪೂರೈಕೆ, ಹೃದಯ ಬಡಿತ ಮತ್ತು ಉಸಿರಾಟವನ್ನು ಗಮನಿಸುವ ಉಪಕರಣಗಳನ್ನು ಅಳವಡಿಸಿರುತ್ತಾರೆ. ಇಬ್ಬರು ಪೈಲಟುಗಳ ಜೊತೆಗೆ ವೈದ್ಯರು ಮತ್ತು ಅರೆವೈದ್ಯಕೀಯ ಸಿಬ್ಬಂದಿ ಪ್ರಯಾಣಿಸುವುದು ವಾಡಿಕೆ. ರೋಗಿಯ ತಾಯಿ, ತಂದೆ ಅಥವಾ ಹತ್ತಿರದ ಬಂಧುವೊಬ್ಬರಿಗೆ ಜೊತೆಯಲ್ಲಿ ಹೋಗಲು ಅವಕಾಶವಿರುತ್ತದೆ.

ರೋಗಿಯ ಸ್ಥಿತಿಗೆ ತಕ್ಕಂತೆ ಹೊರಡಬೇಕಾಗುವುದರಿಂದ ಈ ವಿಮಾನಗಳು ಹಗಲು ರಾತ್ರಿಗಳೆನ್ನದೆ ಹಾರುತ್ತವೆ. ನಗರಗಳ ಒಳಗೇ ಇರುವ ಸಣ್ಣ ವಿಮಾನ ನಿಲ್ದಾಣಗಳು ಆಸ್ಪತ್ರೆಗಳಿಗೆ ಹತ್ತಿರವಾಗಿರುವುದರಿಂದ ಅನೇಕ ವೇಳೆ ಅವುಗಳನ್ನೇ ಬಳಸಲಾಗುತ್ತದೆ. ಇದರ ಪರಿಣಾಮವಾಗಿ ಮೇಲೇರುವ ಮತ್ತು ಇಳಿಯುವ ಹಂತಗಳಲ್ಲಿ ವಿಮಾನವು ಮನೆಗಳ ಮೇಲಿಂದ ಹಾದುಹೋಗಬೇಕಾಗುತ್ತದೆ.

ವಿಮಾನ ಮತ್ತು ನಿರ್ವಾಹಕ ಸಂಸ್ಥೆ

ಅಪಘಾತಕ್ಕೀಡಾದ ವಿಮಾನವು 1982ರಲ್ಲಿ ತಯಾರಾದ ಲಿಯರ್‌ಜೆಟ್ 55. ಅಂದರೆ ಅಪಘಾತದ ವೇಳೆಗೆ ಅದಕ್ಕೆ ನಾಲ್ಕು ದಶಕ ಮೀರಿತ್ತು. ಅದರ ನೋಂದಣಿ ಸಂಖ್ಯೆ ಎಕ್ಸ್‌ಎ-ಯುಸಿಐ. ಮೊದಲ ಎರಡು ಅಕ್ಷರಗಳು ವಿಮಾನವು ಮೆಕ್ಸಿಕೋ ದೇಶದಲ್ಲಿ ನೋಂದಣಿಯಾಗಿದೆ ಎಂಬುದನ್ನು ಸೂಚಿಸುತ್ತವೆ. ಲಿಯರ್‌ಜೆಟ್ 55 ಎರಡು ಟರ್ಬೊಫ್ಯಾನ್ ಎಂಜಿನುಗಳುಳ್ಳ, ಮಧ್ಯಮ ಗಾತ್ರದ ಖಾಸಗಿ ಜೆಟ್. ಈ ಮಾದರಿಯ ಮೊದಲ ಹಾರಾಟ 1979ರಲ್ಲಿ ನಡೆಯಿತು. ರೆಕ್ಕೆಯ ತುದಿಗಳಲ್ಲಿ ಮೇಲಕ್ಕೆ ಬಾಗಿದ ಸಣ್ಣ ಫಲಕಗಳು ಅದರ ಗುರುತು. ವೇಗ ಮತ್ತು ದೂರ ಕ್ರಮಿಸುವ ಸಾಮರ್ಥ್ಯದಿಂದಾಗಿ ಹಳೆಯ ಲಿಯರ್‌ಜೆಟ್‌ಗಳು ಹಲವು ದೇಶಗಳಲ್ಲಿ ವಾಯು ಆಂಬುಲೆನ್ಸ್‌ಗಳಾಗಿ ಬಳಕೆಯಲ್ಲಿವೆ. ಲಿಯರ್‌ಜೆಟ್ ಸಂಸ್ಥೆಯು ನಂತರ ಕೆನಡಾದ ಬೊಂಬಾರ್ಡಿಯರ್ ಸಂಸ್ಥೆಯ ಒಡೆತನಕ್ಕೆ ಬಂದಿತು. ಕೊನೆಯ ಲಿಯರ್‌ಜೆಟ್ ವಿಮಾನವನ್ನು 2022ರಲ್ಲಿ ಗ್ರಾಹಕರಿಗೆ ಹಸ್ತಾಂತರಿಸಿ ಆ ಹೆಸರಿನ ವಿಮಾನಗಳ ತಯಾರಿಕೆಯನ್ನು ನಿಲ್ಲಿಸಲಾಯಿತು.

ವಿಮಾನವನ್ನು ಮೆಕ್ಸಿಕೋದ ಮೆಡ್ ಜೆಟ್ಸ್ ಸಂಸ್ಥೆಯು ಜೆಟ್ ರೆಸ್ಕ್ಯೂ ಏರ್ ಆಂಬುಲೆನ್ಸ್ ಎಂಬ ಹೆಸರಿನಲ್ಲಿ ನಡೆಸುತ್ತಿತ್ತು. ರೇಡಿಯೊ ಸಂಪರ್ಕದಲ್ಲಿ ಈ ಹಾರಾಟವನ್ನು ಮೆಡ್‌ಸರ್ವಿಸ್ 056 ಎಂದು ಕರೆಯಲಾಗುತ್ತಿತ್ತು. ಇದೇ ಸಂಸ್ಥೆಯ ಮತ್ತೊಂದು ವಿಮಾನವು 2023ರಲ್ಲಿ ಮೆಕ್ಸಿಕೋದ ಮೊರೆಲೋಸ್ ರಾಜ್ಯದಲ್ಲಿ ಇಳಿಯುವಾಗ ರನ್‌ವೇ ದಾಟಿ ಹೋಗಿ ಅಪಘಾತಕ್ಕೀಡಾಗಿ, ಅದರಲ್ಲಿದ್ದ ಸಿಬ್ಬಂದಿ ಮೃತಪಟ್ಟಿದ್ದರು.

ವಿಮಾನದಲ್ಲಿದ್ದವರು

ವಿಮಾನದಲ್ಲಿ ಇಬ್ಬರು ಪೈಲಟುಗಳು, ಒಬ್ಬ ವೈದ್ಯರು, ಒಬ್ಬ ಅರೆವೈದ್ಯಕೀಯ ಸಿಬ್ಬಂದಿ, ರೋಗಿಯಾಗಿದ್ದ ಬಾಲಕಿ ಹಾಗೂ ಆಕೆಯ ತಾಯಿ ಇದ್ದರು. ಆರೂ ಜನ ಮೆಕ್ಸಿಕೋ ಪ್ರಜೆಗಳು. ಬಾಲಕಿಯು ಫಿಲಡೆಲ್ಫಿಯಾದ ಶ್ರೈನರ್ಸ್ ಮಕ್ಕಳ ಆಸ್ಪತ್ರೆಯಲ್ಲಿ ಹಲವು ತಿಂಗಳು ಚಿಕಿತ್ಸೆ ಪಡೆದಿದ್ದಳು. ಸ್ವದೇಶದಲ್ಲಿ ಸುಲಭವಾಗಿ ದೊರೆಯದ ಚಿಕಿತ್ಸೆಗಾಗಿ ಆಕೆಯನ್ನು ಅಲ್ಲಿಗೆ ಕರೆತರಲಾಗಿತ್ತು. ಚಿಕಿತ್ಸೆ ಪೂರ್ಣಗೊಂಡು ಆಕೆ ಊರಿಗೆ ಮರಳುವ ದಿನ ಆಸ್ಪತ್ರೆಯ ಸಿಬ್ಬಂದಿ ಬೀಳ್ಕೊಡುಗೆಯ ಸಣ್ಣ ಸಮಾರಂಭವನ್ನು ಏರ್ಪಡಿಸಿದ್ದರು. ಅಪಘಾತ ನಡೆದದ್ದು ಅದೇ ದಿನದ ಸಂಜೆ.

ವಿಮಾನವು ಮೊದಲು ಮಿಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್-ಬ್ರಾನ್ಸನ್ ವಿಮಾನ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಮೆಕ್ಸಿಕೋದ ಗಡಿನಗರವಾದ ತಿಹುವಾನಾಕ್ಕೆ ತೆರಳಬೇಕಿತ್ತು.

ಅಪಘಾತದ ಸ್ಥಳ

ಈಶಾನ್ಯ ಫಿಲಡೆಲ್ಫಿಯಾ ವಿಮಾನ ನಿಲ್ದಾಣವು ನಗರದ ಮುಖ್ಯ ಅಂತರರಾಷ್ಟ್ರೀಯ ನಿಲ್ದಾಣವಲ್ಲ. ಖಾಸಗಿ, ತರಬೇತಿ ಮತ್ತು ಬಾಡಿಗೆ ವಿಮಾನಗಳು ಬಳಸುವ ಈ ನಿಲ್ದಾಣದ ಸುತ್ತ ವಸತಿ ಬಡಾವಣೆಗಳು ಹಬ್ಬಿವೆ. ವಿಮಾನ ಬಿದ್ದ ಸ್ಥಳವು ಅಲ್ಲಿಂದ ನೈಋತ್ಯಕ್ಕೆ ಸುಮಾರು 5 ಕಿಲೋಮೀಟರು ದೂರದಲ್ಲಿ, ಕಾಟ್ಮನ್ ಅವೆನ್ಯೂ ಮತ್ತು ಬಸಲ್ಟನ್ ಅವೆನ್ಯೂ ರಸ್ತೆಗಳು ಕೂಡುವ ಜಾಗಕ್ಕೆ ಹತ್ತಿರದಲ್ಲಿದೆ. ರೂಸ್‌ವೆಲ್ಟ್ ಮಾಲ್ ಎಂಬ ಅಂಗಡಿ ಸಮುಚ್ಚಯವೂ, ನಗರದ ಅತ್ಯಂತ ಅಗಲವಾದ ರಸ್ತೆಗಳಲ್ಲಿ ಒಂದಾದ ರೂಸ್‌ವೆಲ್ಟ್ ಬುಲೆವಾರ್ಡ್ ಕೂಡ ಪಕ್ಕದಲ್ಲಿಯೇ ಇವೆ. ಒಂದಕ್ಕೊಂದು ಗೋಡೆ ಹೊಂದಿಕೊಂಡ ಸಾಲುಮನೆಗಳು ಫಿಲಡೆಲ್ಫಿಯಾದ ವೈಶಿಷ್ಟ್ಯ. ಈ ಪ್ರದೇಶದಲ್ಲಿಯೂ ಅಂತಹ ಮನೆಗಳಿವೆ. ವಾರದ ಕೆಲಸ ಮುಗಿದ ಶುಕ್ರವಾರ ಸಂಜೆ ಆರು ಗಂಟೆಯ ಹೊತ್ತಿಗೆ ರಸ್ತೆಯಲ್ಲಿ ವಾಹನಗಳೂ, ಅಂಗಡಿ ಹೋಟೆಲುಗಳಲ್ಲಿ ಜನರೂ ಇದ್ದರು.

ಹಾರಾಟ ಮತ್ತು ಪತನ

ಅಂದು ಸಂಜೆ ಮಳೆಯ ವಾತಾವರಣವಿತ್ತು. ಮೋಡದ ತಳವು ನೆಲದಿಂದ ಸುಮಾರು 400 ಅಡಿ ಎತ್ತರದಲ್ಲಿತ್ತು. ಸೂರ್ಯ ಮುಳುಗಿ ಕತ್ತಲೆ ಆವರಿಸಿತ್ತು. ಆದುದರಿಂದ ನೆಲವನ್ನು ಬಿಟ್ಟ ಕೆಲವೇ ಕ್ಷಣಗಳಲ್ಲಿ ಪೈಲಟುಗಳು ಹೊರಗಿನ ನೋಟವನ್ನು ಕಳೆದುಕೊಂಡು, ಉಪಕರಣಗಳ ಆಧಾರದಿಂದಲೇ ಹಾರಾಟ ನಡೆಸಬೇಕಾದ ಸ್ಥಿತಿ ಇತ್ತು. ಇದು ತರಬೇತಿ ಪಡೆದ ಪೈಲಟುಗಳಿಗೆ ಅಪರೂಪದ ಸಂದರ್ಭವೇನಲ್ಲ. ಆದರೆ ಮೇಲೇರುವ ಹಂತದಲ್ಲಿ ಏನಾದರೂ ದೋಷ ಉಂಟಾದರೆ ಸರಿಪಡಿಸಿಕೊಳ್ಳಲು ದೊರೆಯುವ ಸಮಯ ಬಹಳ ಕಡಿಮೆ.

ವಿಮಾನವು ಸ್ಥಳೀಯ ಸಮಯ ಸಂಜೆ 6 ಗಂಟೆ 6 ನಿಮಿಷಕ್ಕೆ 24ನೆಯ ರನ್‌ವೇಯಿಂದ ಮೇಲೇರಿತು. ಆರಂಭದಲ್ಲಿ ಬಲಕ್ಕೆ ತಿರುಗಿ, ಬಳಿಕ ಎಡಕ್ಕೆ ಹೊರಳುತ್ತಾ ಸುಮಾರು 1,650 ಅಡಿ, ಅಂದರೆ 500 ಮೀಟರು ಎತ್ತರವನ್ನು ತಲುಪಿತು. ಅನಂತರ ಅತಿ ಕಡಿದಾದ ಕೋನದಲ್ಲಿ ಕೆಳಗಿಳಿಯಿತು. ನಿಯಂತ್ರಣ ಗೋಪುರದಿಂದ ಪುನಃ ಪುನಃ ಕರೆದರೂ ಉತ್ತರ ಬರಲಿಲ್ಲ. ಪೈಲಟುಗಳಿಂದ ಅಪಾಯವನ್ನು ಸೂಚಿಸುವ ಯಾವ ಸಂದೇಶವೂ ನಿಯಂತ್ರಕರನ್ನು ತಲುಪಲಿಲ್ಲ. 6 ಗಂಟೆ 7 ನಿಮಿಷದ ಸುಮಾರಿಗೆ ವಿಮಾನವು ನೆಲಕ್ಕೆ ಅಪ್ಪಳಿಸಿತು. ಭಾರತದಲ್ಲಿ ಆಗ ಫೆಬ್ರವರಿ 1ರ ಮುಂಜಾನೆ 4 ಗಂಟೆ 37 ನಿಮಿಷ.

ಮನೆಬಾಗಿಲುಗಳ ಕ್ಯಾಮೆರಾಗಳಲ್ಲಿ ಮತ್ತು ವಾಹನಗಳ ಕ್ಯಾಮೆರಾಗಳಲ್ಲಿ ಈ ಪತನ ಸೆರೆಯಾಗಿದೆ. ಮೋಡದೊಳಗಿನಿಂದ ಬೆಳಕಿನ ಗೆರೆಯೊಂದು ಓರೆಯಾಗಿ ಇಳಿದುಬರುವುದೂ, ಮರುಕ್ಷಣ ಇಡೀ ಆಕಾಶ ಕೆಂಪಾಗುವುದೂ ಅವುಗಳಲ್ಲಿ ಕಾಣುತ್ತವೆ. ದೂರದ ಪ್ರಯಾಣಕ್ಕೆ ಹೊರಟಿದ್ದ ವಿಮಾನವು ಒಂದು ನಿಮಿಷವಷ್ಟೇ ಹಾರಿದ್ದರಿಂದ ಅದರ ಇಂಧನವೆಲ್ಲ ಹಾಗೆಯೇ ಉಳಿದಿತ್ತು. ಬೆಂಕಿ ಅಷ್ಟು ವೇಗವಾಗಿ ಹರಡಲು ಇದು ಕಾರಣವಾಯಿತು.

ಸಾವು, ನೋವು ಮತ್ತು ಹಾನಿ

ವಿಮಾನದಲ್ಲಿದ್ದ ಯಾರೂ ಬದುಕುಳಿಯಲಿಲ್ಲ. ನೆಲದ ಮೇಲೆ, ಕಾರಿನಲ್ಲಿ ಹೋಗುತ್ತಿದ್ದ ಒಬ್ಬ ವ್ಯಕ್ತಿ ಅಂದೇ ಮೃತಪಟ್ಟರು. ಅದೇ ಕಾರಿನಲ್ಲಿದ್ದ ಮಹಿಳೆಯೊಬ್ಬರು ತೀವ್ರವಾದ ಸುಟ್ಟಗಾಯಗಳೊಂದಿಗೆ ಸುಮಾರು ಮೂರು ತಿಂಗಳು ಆಸ್ಪತ್ರೆಯಲ್ಲಿದ್ದು ಏಪ್ರಿಲ್‌ನಲ್ಲಿ ತೀರಿಕೊಂಡರು. ಜೊತೆಯಲ್ಲಿದ್ದ ಬಾಲಕನು ದೇಹದ ಬಹುಭಾಗ ಸುಟ್ಟುಹೋಗಿದ್ದರೂ ಬದುಕುಳಿದು ದೀರ್ಘಕಾಲದ ಚಿಕಿತ್ಸೆಗೆ ಒಳಗಾದನು. ಮನೆಗಳೊಳಗಿದ್ದವರು, ಪಾದಚಾರಿಗಳು ಮತ್ತು ವಾಹನಗಳಲ್ಲಿದ್ದವರೂ ಗಾಯಗೊಂಡರು.

ಹಲವು ಮನೆಗಳಿಗೂ ವಾಹನಗಳಿಗೂ ಬೆಂಕಿ ಹೊತ್ತಿಕೊಂಡಿತು. ವಿಮಾನದ ಚೂರುಗಳು ಬಡಾವಣೆಯ ಅನೇಕ ರಸ್ತೆಗಳವರೆಗೆ ಚದುರಿ ಬಿದ್ದವು. ಅಪ್ಪಳಿಸಿದ ಜಾಗದಲ್ಲಿ ಸುಮಾರು 8 ಅಡಿ ಆಳದ ಗುಂಡಿ ಉಂಟಾಯಿತು. ಮನೆ ಕಳೆದುಕೊಂಡವರಲ್ಲಿ ಬಹುಪಾಲು ಜನರಿಗೆ ಆ ವಿಮಾನದೊಂದಿಗಾಗಲಿ, ಅದರ ಪ್ರಯಾಣದೊಂದಿಗಾಗಲಿ ಯಾವ ಸಂಬಂಧವೂ ಇರಲಿಲ್ಲ. ಸಾಮಾನ್ಯ ವಿಮಾನ ಅಪಘಾತಗಳಿಗೂ ಬಡಾವಣೆಯ ಮೇಲೆ ಬೀಳುವ ಇಂತಹ ಅಪಘಾತಗಳಿಗೂ ಇರುವ ಮುಖ್ಯ ವ್ಯತ್ಯಾಸ ಇದೇ.

ರಕ್ಷಣಾ ಕಾರ್ಯ ಮತ್ತು ಪ್ರತಿಕ್ರಿಯೆ

ನಗರದ ಅಗ್ನಿಶಾಮಕ ದಳ ಮತ್ತು ಪೊಲೀಸರು ಕೂಡಲೇ ಸ್ಥಳಕ್ಕೆ ಧಾವಿಸಿದರು. ಗಾಯಾಳುಗಳನ್ನು ಸಮೀಪದ ಆಸ್ಪತ್ರೆಗಳಿಗೆ ಸಾಗಿಸಲಾಯಿತು. ಅಂಗಳದಲ್ಲಿ ಅಥವಾ ಮಾಳಿಗೆಯಲ್ಲಿ ವಿಮಾನದ ಚೂರು ಕಂಡರೆ ಅದನ್ನು ಮುಟ್ಟದೆ ಅಧಿಕಾರಿಗಳಿಗೆ ತಿಳಿಸಬೇಕೆಂದು ಮೇಯರ್ ಶೆರೆಲ್ ಪಾರ್ಕರ್ ನಾಗರಿಕರಲ್ಲಿ ಮನವಿ ಮಾಡಿದರು. ಚೂರುಗಳಿಂದ ಗಾಯವಾಗುವ ಭಯ ಇದಕ್ಕೆ ಒಂದು ಕಾರಣ; ಪ್ರತಿಯೊಂದು ಚೂರೂ ಬಿದ್ದ ಜಾಗವು ತನಿಖೆಗೆ ಸಾಕ್ಷ್ಯವಾಗುತ್ತದೆ ಎಂಬುದು ಇನ್ನೊಂದು. ರಾಜ್ಯಪಾಲ ಜೋಶ್ ಶಪಿರೊ ಅಂದೇ ರಾತ್ರಿ ಸ್ಥಳಕ್ಕೆ ಬಂದರು. ಮೆಕ್ಸಿಕೋದ ಅಧ್ಯಕ್ಷೆ ಕ್ಲಾಡಿಯಾ ಶೇನ್‌ಬೌಮ್ ಮೃತರ ಕುಟುಂಬಗಳಿಗೆ ಸಂತಾಪ ಸೂಚಿಸಿದರು.

ಇದಕ್ಕೆ ಎರಡು ದಿನಗಳ ಹಿಂದೆ, ಜನವರಿ 29ರಂದು, ವಾಷಿಂಗ್ಟನ್ ನಗರದ ಪೊಟೊಮ್ಯಾಕ್ ನದಿಯ ಮೇಲೆ ಪ್ರಯಾಣಿಕ ವಿಮಾನವೊಂದು ಸೇನೆಯ ಹೆಲಿಕಾಪ್ಟರಿಗೆ ಡಿಕ್ಕಿ ಹೊಡೆದು 67 ಜನ ಮೃತಪಟ್ಟಿದ್ದರು. ಎರಡೂ ಘಟನೆಗಳಿಗೆ ಪರಸ್ಪರ ಸಂಬಂಧವಿಲ್ಲದಿದ್ದರೂ, ಒಂದೇ ವಾರದಲ್ಲಿ ಸಂಭವಿಸಿದ್ದರಿಂದ ವಿಮಾನಯಾನದ ಸುರಕ್ಷತೆಯ ಬಗ್ಗೆ ದೇಶದಾದ್ಯಂತ ಆತಂಕ ವ್ಯಕ್ತವಾಯಿತು.

ತನಿಖೆ

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮಗಳ ಪ್ರಕಾರ, ಅಪಘಾತ ಯಾವ ದೇಶದಲ್ಲಿ ನಡೆಯಿತೋ ಆ ದೇಶವೇ ತನಿಖೆಯ ಹೊಣೆ ಹೊರುತ್ತದೆ. ವಿಮಾನ ನೋಂದಣಿಯಾದ ದೇಶ, ಅದನ್ನು ನಡೆಸುತ್ತಿದ್ದ ಸಂಸ್ಥೆಯ ದೇಶ ಮತ್ತು ಅದನ್ನು ತಯಾರಿಸಿದ ದೇಶಗಳಿಗೆ ತನಿಖೆಯಲ್ಲಿ ಪಾಲ್ಗೊಳ್ಳುವ ಹಕ್ಕಿದೆ. ಮುಂದೆ ಅಂತಹ ಅಪಘಾತ ಆಗದಂತೆ ತಡೆಯುವುದೇ ಇಂತಹ ತನಿಖೆಯ ಗುರಿ. ತಪ್ಪಿತಸ್ಥರನ್ನು ಗುರುತಿಸಿ ಶಿಕ್ಷಿಸುವುದಲ್ಲ. ಅಮೆರಿಕದಲ್ಲಿ 1967ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ಈ ಕೆಲಸವನ್ನು ನಿರ್ವಹಿಸುತ್ತದೆ. ಮಂಡಳಿಯು ಈ ಅಪಘಾತದ ಪ್ರಾಥಮಿಕ ವರದಿಯನ್ನು 2025ರ ಮಾರ್ಚ್ ಮೊದಲ ವಾರದಲ್ಲಿ ಪ್ರಕಟಿಸಿತು. ಪ್ರಾಥಮಿಕ ವರದಿಯು ಅಪಘಾತಕ್ಕೆ ಕಾರಣ ಇಂಥದೇ ಎಂದು ತೀರ್ಮಾನಿಸುವುದಿಲ್ಲ. ಅದುವರೆಗೆ ದೊರೆತ ಸಂಗತಿಗಳನ್ನು ಮಾತ್ರ ದಾಖಲಿಸುತ್ತದೆ.

ಮೌನವಾಗಿದ್ದ ಧ್ವನಿಮುದ್ರಕ

ಜನರ ಬಾಯಲ್ಲಿ ಕಪ್ಪು ಪೆಟ್ಟಿಗೆ ಎಂದು ಹೆಸರಾದ ಸಾಧನಗಳು ವಾಸ್ತವವಾಗಿ ಕಿತ್ತಳೆ ಬಣ್ಣದವು. ಅವಶೇಷಗಳ ನಡುವೆ ಸುಲಭವಾಗಿ ಕಾಣಲೆಂದು ಅವುಗಳಿಗೆ ಆ ಬಣ್ಣ ಬಳಿಯುತ್ತಾರೆ. ಅವುಗಳಲ್ಲಿ ಎರಡು ಬಗೆ. ಎತ್ತರ, ವೇಗ, ಎಂಜಿನುಗಳ ಸ್ಥಿತಿ ಮೊದಲಾದವನ್ನು ದಾಖಲಿಸುವುದು ಹಾರಾಟ ದತ್ತಾಂಶ ಮುದ್ರಕ. ಪೈಲಟುಗಳ ಮಾತು, ರೇಡಿಯೊ ಸಂಭಾಷಣೆ, ಎಚ್ಚರಿಕೆಯ ಗಂಟೆಗಳು, ಗುಂಡಿ ಒತ್ತಿದ ಸದ್ದು, ಎಂಜಿನಿನ ಶಬ್ದ ಇವನ್ನು ದಾಖಲಿಸುವುದು ಧ್ವನಿಮುದ್ರಕ. ಈ ಸಾಧನದ ಕಲ್ಪನೆಯನ್ನು 1950ರ ದಶಕದಲ್ಲಿ ರೂಪಿಸಿದವರು ಆಸ್ಟ್ರೇಲಿಯಾದ ವಿಜ್ಞಾನಿ ಡೇವಿಡ್ ವಾರನ್.

ಲಿಯರ್‌ಜೆಟ್‌ನ ಧ್ವನಿಮುದ್ರಕವು ವಿಮಾನ ಅಪ್ಪಳಿಸಿದ ಗುಂಡಿಯಲ್ಲಿ 8 ಅಡಿ ಆಳದಲ್ಲಿ ದೊರೆಯಿತು. ಅದನ್ನು ವಾಷಿಂಗ್ಟನ್ನಿನ ಪ್ರಯೋಗಾಲಯಕ್ಕೆ ಒಯ್ದು, ಶುಚಿಗೊಳಿಸಿ, ದುರಸ್ತಿ ಮಾಡಿ, ಆಲಿಸಲಾಯಿತು. ಅಪಘಾತದ ಹಾರಾಟಕ್ಕೆ ಸಂಬಂಧಿಸಿದ ಯಾವ ಧ್ವನಿಯೂ ಅದರಲ್ಲಿರಲಿಲ್ಲ. ಪ್ರಾಯಶಃ ಹಲವು ವರ್ಷಗಳಿಂದ ಅದು ಧ್ವನಿಯನ್ನು ಮುದ್ರಿಸುತ್ತಿರಲಿಲ್ಲ ಎಂದು ಪ್ರಾಥಮಿಕ ವರದಿ ತಿಳಿಸಿದೆ.

ಎಂಜಿನ್ ಕೆಟ್ಟರೆ ವಿಮಾನ ಹಾರುವುದಿಲ್ಲ. ರೇಡಿಯೊ ಕೆಟ್ಟರೆ ಪೈಲಟಿಗೆ ತಕ್ಷಣ ತಿಳಿಯುತ್ತದೆ. ಧ್ವನಿಮುದ್ರಕದ ಸ್ವಭಾವ ಹಾಗಲ್ಲ. ಅದು ಕೆಲಸ ಮಾಡದಿದ್ದರೂ ಹಾರಾಟಕ್ಕೆ ಅಡ್ಡಿಯಾಗುವುದಿಲ್ಲ. ಪ್ರತಿದಿನದ ಬಳಕೆಯಲ್ಲಿ ಯಾರೂ ಅದನ್ನು ಆಲಿಸುವುದೂ ಇಲ್ಲ. ಆದುದರಿಂದ ಅದರ ಸ್ಥಿತಿಯನ್ನು ತಿಳಿಯಲು ಇರುವ ದಾರಿ ಪರೀಕ್ಷೆಯೊಂದೇ. ಸಾಧನದಲ್ಲಿರುವ ಪರೀಕ್ಷಾ ಗುಂಡಿಯನ್ನು ಒತ್ತಿ ನೋಡುವುದು ಪೈಲಟುಗಳ ಪೂರ್ವಸಿದ್ಧತೆಯ ಭಾಗವಾಗಿರುತ್ತದೆ. ಮುದ್ರಣವಾದದ್ದು ಸ್ಪಷ್ಟವಾಗಿ ಕೇಳುತ್ತದೆಯೇ ಎಂದು ನಿಗದಿತ ಅವಧಿಗೊಮ್ಮೆ ಪರಿಶೀಲಿಸುವುದು ನಿರ್ವಹಣಾ ಸಿಬ್ಬಂದಿಯ ಕೆಲಸ.

ಪರ್ಯಾಯ ಸಾಕ್ಷ್ಯಗಳು

ಧ್ವನಿಯ ದಾಖಲೆ ಇಲ್ಲದಿದ್ದಾಗ ತನಿಖಾಧಿಕಾರಿಗಳು ಬೇರೆ ಮೂಲಗಳನ್ನು ಅವಲಂಬಿಸಬೇಕಾಗುತ್ತದೆ. ಅವುಗಳಲ್ಲಿ ಮುಖ್ಯವಾದವು ಹೀಗಿವೆ.

ಮೊದಲನೆಯದು ವಿಮಾನವು ತಾನಾಗಿಯೇ ಬಿತ್ತರಿಸುವ ಸ್ಥಾನಸೂಚಕ ಸಂಕೇತಗಳು. ಎಡಿಎಸ್-ಬಿ ಎಂದು ಕರೆಯುವ ಈ ವ್ಯವಸ್ಥೆಯಲ್ಲಿ ವಿಮಾನವು ತನ್ನ ಸ್ಥಾನ, ಎತ್ತರ ಮತ್ತು ವೇಗವನ್ನು ಕ್ಷಣಕ್ಷಣವೂ ಪ್ರಸಾರ ಮಾಡುತ್ತಿರುತ್ತದೆ. ಫಿಲಡೆಲ್ಫಿಯಾದ ವಿಮಾನದ ದಾರಿಯನ್ನೂ, ಅದು ತಲುಪಿದ ಗರಿಷ್ಠ ಎತ್ತರವನ್ನೂ ಈ ಸಂಕೇತಗಳಿಂದಲೇ ತಿಳಿಯಲಾಯಿತು. ಆದರೆ ವಿಮಾನ ಎಲ್ಲಿತ್ತು ಎಂಬುದನ್ನು ಅವು ಹೇಳುತ್ತವೆಯೇ ಹೊರತು, ಏಕೆ ಹಾಗೆ ತಿರುಗಿತು ಎಂಬುದನ್ನು ಹೇಳುವುದಿಲ್ಲ.

ಎರಡನೆಯದು ಭೂಸಾಮೀಪ್ಯ ಎಚ್ಚರಿಕಾ ಸಾಧನ. ವಿಮಾನವು ನೆಲಕ್ಕೆ ಅಪಾಯಕರವಾಗಿ ಹತ್ತಿರವಾದಾಗ ಪೈಲಟುಗಳನ್ನು ಎಚ್ಚರಿಸುವ ಈ ಗಣಕದ ಸ್ಮೃತಿಯಲ್ಲಿ ಹಾರಾಟದ ಕೆಲವು ಮಾಹಿತಿಗಳು ಉಳಿದಿರುವ ಸಾಧ್ಯತೆ ಇರುತ್ತದೆ. ಅವಶೇಷಗಳಲ್ಲಿ ದೊರೆತ ಈ ಸಾಧನವನ್ನು ಪರಿಶೀಲನೆಗಾಗಿ ಅದರ ತಯಾರಕರಿಗೆ ಕಳುಹಿಸಲಾಯಿತು.

ಮೂರನೆಯದು ಕ್ಯಾಮೆರಾಗಳ ದೃಶ್ಯಗಳು ಮತ್ತು ಅವುಗಳಲ್ಲಿನ ಶಬ್ದ. ಬೀಳುವ ವಿಮಾನದ ಕೋನ, ವೇಗ, ಅದು ಆಕಾಶದಲ್ಲಿಯೇ ಮುರಿದಿತ್ತೇ ಇಲ್ಲವೇ ಎಂಬುದನ್ನು ಇವುಗಳಿಂದ ಅಂದಾಜು ಮಾಡಬಹುದು. ನಾಲ್ಕನೆಯದು ಅವಶೇಷಗಳು. ಎಂಜಿನಿನ ಒಳಗಿನ ಅಲಗುಗಳು ಮುರಿದ ಬಗೆಯಿಂದ ಅಪ್ಪಳಿಸುವಾಗ ಅದು ತಿರುಗುತ್ತಿತ್ತೇ ಎಂದು ತಿಳಿಯುತ್ತದೆ. ರೆಕ್ಕೆ ಮತ್ತು ಬಾಲದ ಚಲಿಸುವ ಫಲಕಗಳು ಯಾವ ಸ್ಥಿತಿಯಲ್ಲಿದ್ದವು ಎಂಬುದನ್ನೂ ಪರೀಕ್ಷಿಸುತ್ತಾರೆ. ಇವುಗಳ ಜೊತೆಗೆ ನಿರ್ವಹಣೆಯ ದಾಖಲೆಗಳು, ಪೈಲಟುಗಳ ತರಬೇತಿ, ಹವಾಮಾನ, ನಿಯಂತ್ರಣ ಗೋಪುರದಲ್ಲಿ ಮುದ್ರಣಗೊಂಡ ಸಂಭಾಷಣೆ ಇವೆಲ್ಲವನ್ನೂ ಹೊಂದಿಸಿ ನೋಡಲಾಗುತ್ತದೆ.

ಧ್ವನಿಮುದ್ರಕದ ಮಹತ್ವ: ಮಂಗಳೂರಿನ ನಿದರ್ಶನ

ಧ್ವನಿಮುದ್ರಕವು ಸರಿಯಾಗಿದ್ದರೆ ಏನೆಲ್ಲ ತಿಳಿಯಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲಿ ನಡೆದ ದುರಂತವೊಂದು ಸ್ಪಷ್ಟ ಉದಾಹರಣೆಯಾಗಿದೆ. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ಇಳಿಯುವಾಗ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಮೃತಪಟ್ಟರು; 8 ಜನ ಬದುಕುಳಿದರು. ಅದರ ಧ್ವನಿಮುದ್ರಕದಲ್ಲಿ ಎರಡು ಗಂಟೆಗಳ ದಾಖಲೆ ಇತ್ತು. ಕ್ಯಾಪ್ಟನ್ ಬಹಳ ಹೊತ್ತು ನಿದ್ರಿಸಿದ್ದರೆಂಬುದು ಅದರಲ್ಲಿ ಕೇಳಿಬಂದ ಗೊರಕೆಯ ಸದ್ದಿನಿಂದ ತಿಳಿಯಿತು. ಇಳಿಯದೆ ಮತ್ತೆ ಮೇಲೇರೋಣವೆಂದು ಸಹಪೈಲಟ್ ಮೂರು ಬಾರಿ ಹೇಳಿದ್ದೂ ಅದರಲ್ಲಿತ್ತು. ಈ ಆಧಾರದಿಂದ ನಿವೃತ್ತ ಏರ್ ಮಾರ್ಷಲ್ ಬಿ. ಎನ್. ಗೋಖಲೆ ಅವರ ನೇತೃತ್ವದ ತನಿಖಾ ನ್ಯಾಯಾಲಯವು ದುರಂತದ ಕಾರಣವನ್ನು ಖಚಿತವಾಗಿ ಗುರುತಿಸಲು ಸಾಧ್ಯವಾಯಿತು.

ದಣಿವು, ಅರೆನಿದ್ದೆಯಿಂದ ಎಚ್ಚೆತ್ತಾಗಿನ ಮಂಕು, ಹಿರಿಯರ ತಪ್ಪನ್ನು ಕಿರಿಯರು ತಿದ್ದಲು ಹಿಂಜರಿಯುವುದು ಇಂತಹ ಮಾನವ ಸಂಗತಿಗಳು ಲೋಹದ ಚೂರುಗಳಲ್ಲಿ ಗುರುತು ಉಳಿಸುವುದಿಲ್ಲ. ಅವು ಉಳಿಯುವುದು ಧ್ವನಿಯಲ್ಲಿ ಮಾತ್ರ. ಫಿಲಡೆಲ್ಫಿಯಾದ ಅಪಘಾತದಲ್ಲಿ ಇಲ್ಲವಾದ ಸಾಕ್ಷ್ಯ ಈ ಬಗೆಯದು.

ಮೋಡದೊಳಗಿನ ಹಾರಾಟ ಮತ್ತು ದಿಗ್ಭ್ರಮೆ

ಕತ್ತಲೆಯಲ್ಲಿ ಅಥವಾ ಮೋಡದಲ್ಲಿ ಮೇಲೇರುವಾಗ ವಿಮಾನ ಹತೋಟಿ ತಪ್ಪಿದರೆ ತನಿಖಾಧಿಕಾರಿಗಳು ಪರಿಶೀಲಿಸುವ ಸಾಧ್ಯತೆಗಳಲ್ಲಿ ಯಾಂತ್ರಿಕ ದೋಷ, ಉಪಕರಣಗಳ ದೋಷ ಮತ್ತು ಪೈಲಟಿನ ದಿಗ್ಭ್ರಮೆ ಸೇರಿರುತ್ತವೆ. ಮನುಷ್ಯನ ಸಮತೋಲನದ ಅರಿವು ಕಣ್ಣು, ಒಳಕಿವಿ ಮತ್ತು ಸ್ನಾಯುಗಳ ಸಂವೇದನೆಯನ್ನು ಅವಲಂಬಿಸಿದೆ. ಒಳಕಿವಿಯ ಅರ್ಧವೃತ್ತಾಕಾರದ ನಾಳಗಳಲ್ಲಿರುವ ದ್ರವವು ತಿರುಗುವಿಕೆಯನ್ನು ಗ್ರಹಿಸುತ್ತದೆ. ಆದರೆ ತಿರುಗುವಿಕೆ ನಿಧಾನವಾಗಿ ಆರಂಭವಾಗಿ ಒಂದೇ ಸಮನಾಗಿ ಮುಂದುವರಿದರೆ ಅದು ಗಮನಕ್ಕೆ ಬಾರದೆ ಹೋಗಬಹುದು. ದಿಗಂತ ಕಾಣುತ್ತಿದ್ದರೆ ಕಣ್ಣು ಈ ತಪ್ಪನ್ನು ತಿದ್ದುತ್ತದೆ. ಕಾಣದಿದ್ದರೆ ವಿಮಾನ ವಾಲಿದ್ದರೂ ನೇರವಾಗಿ ಹೋಗುತ್ತಿದೆ ಎಂದೇ ಅನಿಸುತ್ತದೆ. ಆದುದರಿಂದಲೇ ತಮ್ಮ ದೇಹದ ಅನಿಸಿಕೆಗಿಂತ ಉಪಕರಣಗಳನ್ನು ನಂಬಬೇಕೆಂದು ಪೈಲಟುಗಳಿಗೆ ಕಲಿಸಲಾಗುತ್ತದೆ.

ಇದು ಇಂತಹ ಹಾರಾಟಗಳಿಗೆ ಅನ್ವಯಿಸುವ ಸಾಮಾನ್ಯ ವಿವರಣೆಯೇ ಹೊರತು ಫಿಲಡೆಲ್ಫಿಯಾದ ಪೈಲಟುಗಳ ಬಗೆಗಿನ ತೀರ್ಮಾನವಲ್ಲ. ಪ್ರಾಥಮಿಕ ವರದಿಯು ಯಾವ ಕಾರಣವನ್ನೂ ಹೆಸರಿಸಿಲ್ಲ.

ಇದೇ ಬಗೆಯ ಇತರ ಅಪಘಾತಗಳು

ಭಾರತದಲ್ಲಿ 2011ರ ಮೇ 25ರ ರಾತ್ರಿ ಇಂತಹದೇ ದುರಂತ ನಡೆದಿತ್ತು. ಪಟ್ನಾದಿಂದ ದೆಹಲಿಗೆ ರೋಗಿಯೊಬ್ಬರನ್ನು ಕರೆತರುತ್ತಿದ್ದ, ಒಂದೇ ಎಂಜಿನಿನ ಪಿಲಾಟಸ್ ಪಿಸಿ-12 ವಿಮಾನವು ದೆಹಲಿಯನ್ನು ಸಮೀಪಿಸುವಾಗ ಕೆಟ್ಟ ಹವಾಮಾನಕ್ಕೆ ಸಿಲುಕಿ, ಹರಿಯಾಣದ ಫರೀದಾಬಾದ್ ನಗರದ ಪರ್ವತೀಯ ಕಾಲೋನಿಯ ಮನೆಗಳ ಮೇಲೆ ಬಿದ್ದಿತು. ವಿಮಾನದಲ್ಲಿದ್ದ 7 ಜನರೂ, ನೆಲದ ಮೇಲಿದ್ದ 3 ಜನರೂ ಮೃತಪಟ್ಟರು. ಹವಾಮಾನದ ಪ್ರಭಾವ, ನಿಯಂತ್ರಣಗಳ ತಪ್ಪು ಬಳಕೆ, ದಿಗ್ಭ್ರಮೆ ಇವುಗಳಲ್ಲಿ ಯಾವುದಾದರೊಂದು ಅಥವಾ ಮೂರೂ ಕೂಡಿ ವಿಮಾನವು ಹತೋಟಿ ತಪ್ಪಿರಬಹುದೆಂದು ತನಿಖಾ ಸಮಿತಿ ಅಭಿಪ್ರಾಯಪಟ್ಟಿತು. ಮಂಗಳೂರಿನ ವರದಿಯ ಖಚಿತತೆ ಇಲ್ಲಿ ಕಾಣುವುದಿಲ್ಲ. ಮುಂದಿನ ವರ್ಷ, 2012ರಲ್ಲಿ, ಭಾರತದಲ್ಲಿ ವಿಮಾನ ಅಪಘಾತಗಳ ತನಿಖೆಗಾಗಿಯೇ ವಿಮಾನ ಅಪಘಾತ ತನಿಖಾ ದಳವನ್ನು ಸ್ಥಾಪಿಸಲಾಯಿತು.

ಅಮೆರಿಕದ ನೆವಾಡಾ ರಾಜ್ಯದ ಎಲ್ಕೊ ಪಟ್ಟಣದಲ್ಲಿ 2016ರ ನವೆಂಬರ್ 18ರ ಸಂಜೆ ರೋಗಿಯನ್ನು ಹೊತ್ತು ಮೇಲೇರಿದ ಪೈಪರ್ ವಿಮಾನವೊಂದು ಸ್ವಲ್ಪ ಹೊತ್ತಿನಲ್ಲಿಯೇ ವಾಹನ ನಿಲುಗಡೆಯ ಜಾಗದಲ್ಲಿ ಬಿದ್ದು, ಅದರಲ್ಲಿದ್ದ 4 ಜನರೂ ಮೃತಪಟ್ಟರು.

ಪರಿಣಾಮ ಮತ್ತು ಮಹತ್ವ

ಹಳೆಯ ಧ್ವನಿಮುದ್ರಕಗಳು ಕೊನೆಯ 30 ನಿಮಿಷಗಳನ್ನು ಮಾತ್ರ ಉಳಿಸಿಕೊಳ್ಳುತ್ತಿದ್ದವು. ನಂತರ ಈ ಅವಧಿ 2 ಗಂಟೆಗೆ ಏರಿತು. ಯುರೋಪಿನಲ್ಲಿ 2021ರಿಂದ ಹೊಸದಾಗಿ ತಯಾರಾಗುವ ದೊಡ್ಡ ವಿಮಾನಗಳಿಗೆ 25 ಗಂಟೆಗಳ ಧ್ವನಿಮುದ್ರಕವನ್ನು ಕಡ್ಡಾಯ ಮಾಡಲಾಗಿದೆ. ಅಮೆರಿಕದಲ್ಲಿಯೂ 2024ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕಾಯ್ದೆಯು ಪ್ರಯಾಣಿಕ ವಿಮಾನಗಳಿಗೆ ಇದನ್ನು ವಿಧಿಸಿದೆ. ಈ ಸುಧಾರಣೆಗಳ ಗಮನವಿರುವುದು ಮುಖ್ಯವಾಗಿ ದೊಡ್ಡ ವಿಮಾನಗಳ ಮೇಲೆ. ಫಿಲಡೆಲ್ಫಿಯಾದ ಅಪಘಾತವು ಅದಕ್ಕಿಂತ ಸರಳವಾದ ಪ್ರಶ್ನೆಯನ್ನು ಮುಂದಿಟ್ಟಿದೆ. ಮುದ್ರಣದ ಅವಧಿ 30 ನಿಮಿಷವಿರಲಿ, 25 ಗಂಟೆಯಿರಲಿ, ಸಾಧನವು ಕೆಲಸ ಮಾಡುತ್ತಿದೆಯೇ ಎಂದು ನೋಡುವವರಿಲ್ಲದಿದ್ದರೆ ಅದರಿಂದ ಪ್ರಯೋಜನವಿಲ್ಲ.

ಅಪಘಾತವನ್ನು ಧ್ವನಿಮುದ್ರಕವು ತಡೆಯುತ್ತಿರಲಿಲ್ಲ. ಅದರ ಉಪಯೋಗವೆಲ್ಲ ಮುಂದೆ ಅಂತಹ ವಿಮಾನಗಳಲ್ಲಿ ಹೋಗುವ ರೋಗಿಗಳಿಗೆ, ಸಿಬ್ಬಂದಿಗೆ ಹಾಗೂ ಅವುಗಳ ಹಾರುದಾರಿಯ ಕೆಳಗೆ ವಾಸಿಸುವವರಿಗೆ ಸಲ್ಲತಕ್ಕದ್ದು. ಕಾಟ್ಮನ್ ಅವೆನ್ಯೂವಿನಲ್ಲಿ ಮಡಿದವರಲ್ಲಿ ಇಬ್ಬರು ವಿಮಾನ ಏರಿದವರೇ ಅಲ್ಲ ಎಂಬುದು ಈ ಹೊಣೆಯ ವ್ಯಾಪ್ತಿ ಎಷ್ಟೆಂಬುದನ್ನು ತೋರಿಸುತ್ತದೆ.